ಅತ್ತೆಯ ಎಡಗಣ್ಣು, ಬಲಗೈ

ನಮ್ಮ ಅತ್ತೆ ಬಂದೂಕು ಎತ್ತಿದರೆ ಎದುರಿಗಿರುವ ಗುರಿಗೆ ಯಾವ ಅಪಾಯವೂ ಇಲ್ಲ. ಹುಷಾರಾಗಿರಬೇಕಾದದ್ದು ಅದರ ಎಡಕ್ಕಿರುವ ಗುರಿ!

ಹೆದರಬೇಡಿ. ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಡಕಾಯಿತಳಲ್ಲ. ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿ. ಇರುವೆ ಸಾಲು ಕಂಡರೆ ಸೀರೆ ಎತ್ತಿ ಹಿಡಿದು ದಾಟುವವಳು, ತತ್ತಿ ಹಾಕಿದ ಕೇಕನ್ನು ಮೂಸಿಯೂ ನೋಡದವಳು. ಬಂದೂಕಾದರೂ ಎಂಥದ್ದು? ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಹೊಡೆಯುವ ಗಾಳಿ ಬಂದೂಕು. ನಿವೃತ್ತಿಯಾದ ಮೇಲೆ ಆಕೆಯ ಗೆಳತಿಯರೆಲ್ಲ ಭಜನಾ ಮಂಡಳಿ ಸೇರಿದರು. ಅತ್ತೆ ಸದಾಶಿವನಗರದ ಮನೆಯಿಂದ ನಡೆದು ಹೋಗುವಷ್ಟು ದೂರದ ರೈಫಲ್ ಕ್ಲಬ್ ಸೇರಿದಳು. "ಯಾಕ ಅತ್ತಿ, ಈ ವಯಸ್ಸಿನಾಗ?" ಎಂದು ಕೇಳಿದೆ. "ಜೀವನದಾಗ ಒಮ್ಮಿಯಾದ್ರೂ ನಾ ನೋಡಿದ್ದು ನನ್ನ ಕೈಗೆ ಸಿಗಬೇಕು ತಮ್ಮಾ" ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಹುಬ್ಬಳ್ಳಿಯ ಪಂದ್ಯಕ್ಕೆ ಹೋಗುವ ಹಿರಿಯ ಮಹಿಳೆಯರ ತಂಡದಲ್ಲಿ ತಾನು ಇರಲೇಬೇಕೆಂದು ಹಟ ಹಿಡಿದಳು.

ಕ್ಲಬ್ಬಿನಲ್ಲಿ ಆಕೆಯ ಎಡಕ್ಕೆ ನಿಂತು ಹೊಡೆಯುತ್ತಿದ್ದವರು ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು. ಒಂದು ದಿನ ಅವರ ಕಾಗದ ತೆಗೆದು ನೋಡಿದರೆ, ಕಪ್ಪು ಚುಕ್ಕೆಯ ನಟ್ಟನಡುವೆ ತೂತುಗಳ ಗೊಂಚಲು! ಸಾಹುಕಾರರಿಗೆ ಹಿಡಿಸಲಾರದಷ್ಟು ಖುಷಿ. ಕುಂದಾ ತರಿಸಿ ಇಡೀ ಕ್ಲಬ್ಬಿನ ಬಾಯಿ ಸಿಹಿ ಮಾಡಿಸಿದರು. ಎಲ್ಲರೂ ತಿಂದು ಕೈ ಒರೆಸಿಕೊಂಡ ಮೇಲೆ, ಕಲಿಸುವ ಸುಬೇದಾರರು ಅತ್ತೆಯ ಕಾಗದ ತೆಗೆದರು. ಅದು ಅಂಗಡಿಯಿಂದ ಈಗಷ್ಟೇ ತಂದಂತಿತ್ತು.

"ಅಕ್ಕಾರ, ನಿಮ್ಮ ಗುಂಡೆಲ್ಲಾ ಎಲ್ಲಿ ಹೋದೂ?"

ಅತ್ತೆ ಕುಂದಾದ ಕೊನೆಯ ಚೂರು ನುಂಗಿ, "ಸಾವ್ಕಾರ್ರು ಪಾರ್ಟಿ ಕೊಟ್ರಲ್ರೀ, ಅಲ್ಲೇ ಹೋಗ್ಯಾವ" ಎಂದಳು.

ಸುಬೇದಾರರು ಸೈನ್ಯದಲ್ಲಿ ಇಂಥವರನ್ನು ಕಂಡಿದ್ದವರು. ಅತ್ತೆಯ ಕೈಯಿಂದ ಒಂದು ಹಸಿರು ಬಳೆ ತೆಗೆಸಿ, ಅದನ್ನು ದೂರ ಹಿಡಿದು, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿದರು. ಅತ್ತೆ ನೋಡಿದಳು. ಆಮೇಲೆ ಅವರು ಆಕೆಯ ಎಡಗಣ್ಣಿಗೆ ಒಂದು ರಟ್ಟು ಅಡ್ಡ ಹಿಡಿದರು. "ಅಯ್ಯ ಶಿವನ! ಗಡಿಯಾರ ಎಲ್ಲಿ ಹೋತು?" ಎಂದು ಅತ್ತೆ ಕೂಗಿದಳು.

ಸಂಗತಿ ಇಷ್ಟೇ. ಆಕೆ ಬಂದೂಕು ಹಿಡಿಯುವುದು ಬಲಭುಜಕ್ಕೆ, ಗುರಿ ನೋಡುವುದು ಎಡಗಣ್ಣು. ಹೀಗಾಗಿ ನಳಿಗೆ ಎಡಕ್ಕೆ ವಾಲಿ ಗುಂಡು ನೇರವಾಗಿ ಸಾಹುಕಾರರ ಮನೆಗೆ! ಎಡಗಣ್ಣೊಂದನ್ನೇ ಮುಚ್ಚೋಣವೆಂದರೆ ಅತ್ತೆಗೆ ಎರಡೂ ಕೂಡಿಯೇ ಮುಚ್ಚುತ್ತವೆ. "ಬಂದೂಕು ಎಡಭುಜಕ್ಕ ತಗೋರಿ, ಎಡಗೈಲೆ ಕುದುರಿ ಒತ್ರಿ. ಕೆಲಸ ಮುಗೀತು" ಎಂದರು ಸುಬೇದಾರರು.

"ಅದೊಂದು ಆಗಂಗಿಲ್ರೀ. ಅವ್ವಗ ಮಾತು ಕೊಟ್ಟೀನಿ."

ಈ ಮಾತಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ಹುಟ್ಟಾ ಎಡಚಿ. ಸಣ್ಣವಳಿದ್ದಾಗ ಊಟಕ್ಕೆ ಕೂತರೆ ಅಜ್ಜಿ ಆಕೆಯ ಎಡಗೈಯನ್ನು ಹಳೆ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳಂತೆ. ಅದಕ್ಕೂ ಬಗ್ಗದಿದ್ದಾಗ ಲಿಂಗ ಮುಟ್ಟಿಸಿ ಆಣೆ ಮಾಡಿಸಿದಳು, ಇನ್ನು ಎಡಗೈಯಿಂದ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು. ಬೇರೆ ಮಕ್ಕಳಾಗಿದ್ದರೆ ವಾರದಲ್ಲಿ ಮರೆಯುತ್ತಿದ್ದರು. ನಮ್ಮ ಅತ್ತೆ ಮರೆಯುವ ಪೈಕಿಯೇ? ಒಮ್ಮೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಪ್ಲಾಸ್ಟರ್ ಬಿಚ್ಚುವವರೆಗೂ ಪಾಳಿ ಹಚ್ಚಿ ನಾವೇ ತುತ್ತು ಮಾಡಿ ಉಣಿಸಿದೆವು! ಆರೋಗ್ಯವಂತ ಎಡಗೈ ಮಡಿಲಲ್ಲಿ ಸುಮ್ಮನೆ ಕೂತಿತ್ತು. ಅದು ಆನಿಸಲಿಕ್ಕೆ, ಹಿಡಿಯಲಿಕ್ಕೆ ಮಾತ್ರ. ಮಾಡುವುದೆಲ್ಲ ಬಲಗೈ. ಆದರೆ ತನ್ನ ತರಗತಿಯಲ್ಲಿ ಎಡಗೈಲಿ ಬರೆಯುವ ಮಕ್ಕಳನ್ನು ಮಾತ್ರ ಯಾರೂ ಬೈಯದಂತೆ ಕಾಯುತ್ತಿದ್ದಳು.

ಎಡಭುಜ ಒಂದನ್ನು ಬಿಟ್ಟು ಅತ್ತೆ ಎಲ್ಲವನ್ನೂ ಮಾಡಿ ನೋಡಿದಳು. ನನ್ನ ಸ್ಕೂಟರಿನಲ್ಲಿ ಆಟೋ ನಗರಕ್ಕೆ ಹೋಗಿ, ಲೇಥ್ ಅಂಗಡಿಯ ಮಿಸ್ತ್ರಿಗೆ ಬಂದೂಕಿನ ಹಿಂಭಾಗವನ್ನು ಸೊಟ್ಟ ಮಾಡಿಕೊಡಲು ಹೇಳಿದಳು. ಬುಡ ಬಲಭುಜದ ಮೇಲಿರಬೇಕು, ನಳಿಗೆ ಎಡಗಣ್ಣಿನ ಮುಂದೆ ಬರಬೇಕು! ಮಿಸ್ತ್ರಿ ತಲೆ ಕೆರೆದುಕೊಂಡು ಒಂದು ಕಟ್ಟಿಗೆಯ ನಮೂನೆ ಮಾಡಿದ. ಅದನ್ನು ಕಂಡು ಸುಬೇದಾರರು, "ಅಕ್ಕಾರ, ಇದರಲೆ ಗುಂಡು ಹೊಡೀತೀರೋ, ಬೋರಿನ ನೀರು ಜಗ್ಗತೀರೋ?" ಎಂದರು. ಪಂದ್ಯದಲ್ಲಿ ಅದು ನಡೆಯುವುದಿಲ್ಲವೆಂದೂ ಹೇಳಿದರು.

ಮುಂದೆ ಚಷ್ಮಾದ ಎಡಗಾಜಿಗೆ ಟೇಪು. ಪಾಪ, ಬಲಗಣ್ಣು ಮೊದಲಿನಿಂದಲೂ ಸೋಮಾರಿ. ಕೆಲಸ ಹಚ್ಚಿದೊಡನೆ ಅಳತೊಡಗಿತು. ಕಡೆಗೆ ಸುಬೇದಾರರು ನೇರವಾಗಿಯೇ ಹೇಳಿಬಿಟ್ಟರು: "ಬರೂ ತಿಂಗಳು ಆಯ್ಕಿ ಐತ್ರಿ. ಭುಜ ಬದಲ ಮಾಡ್ರಿ, ಇಲ್ಲಂದ್ರ ನಿಮ್ಮ ಹೆಸರು ಬಿಡ್ತೀನಿ."

ಮರುದಿನವೇ ಅತ್ತೆ ನನ್ನನ್ನು ಕರೆದುಕೊಂಡು ಖಾನಾಪುರದ ರೈಲು ಹತ್ತಿದಳು. ಅಜ್ಜಿ ಅಲ್ಲಿ ನಮ್ಮ ಕಾಕಾನ ಮನೆಯಲ್ಲಿರುತ್ತಾಳೆ. ಅವಸರದಲ್ಲಿ ಅತ್ತೆ ಚಷ್ಮಾದ ಟೇಪು ತೆಗೆಯುವುದನ್ನು ಮರೆತಿದ್ದಳು. ಕಾಲಿಡಲು ಜಾಗವಿರದ ಗಾಡಿಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ಸೀಟು ಕೊಟ್ಟು, "ಡೋಳ್ಯಾಚಂ ಆಪರೇಶನ್ ಝಾಲಂ ಕಾ, ಮಾವಶೀ?" ಎಂದು ಮರಾಠಿಯಲ್ಲಿ ಕಣ್ಣಿನ ಆಪರೇಶನ್ ವಿಚಾರಿಸಿ ಮರುಗಿದಳು. ದೇಸೂರ ಸ್ಟೇಶನ್ ಬರುವುದರೊಳಗೆ ಇಡೀ ಡಬ್ಬಿಯ ಜನ ಅತ್ತೆಯ ಕಣ್ಣಿಗೆ ಔಷಧ ಹೇಳಿದ್ದರು. ಅತ್ತೆ ಎಲ್ಲರಿಗೂ ಹೂಂ ಎಂದು ಸೀಟು ಉಳಿಸಿಕೊಂಡಳು.

ನಾವು ಹೋದಾಗ ಅಜ್ಜಿ ಪೂಜೆಗೆ ಕೂತಿದ್ದಳು. ಎಡ ಅಂಗೈಯ ಮೇಲೆ ಇಷ್ಟಲಿಂಗ, ಬಲಗೈಯಲ್ಲಿ ವಿಭೂತಿ. ಅತ್ತೆ ಎದುರಿಗೆ ಕೂತು, ಮಾಸ್ತರರ ಮುಂದೆ ನಿಂತ ಹುಡುಗಿಯಂತೆ ಕೇಳಿದಳು.

"ಅವ್ವಾ, ಎಡಗೈಲೆ ಒಂದ ಕೆಲಸ ಮಾಡ್ಲೇನು? ಆಣಿ ಬಿಡಿಸ್ತಿಯೇನು?"

"ಯಾವ ಆಣಿ?" ಎಂದಳು ಅಜ್ಜಿ.

ನನಗೆ ನಗು ಬಂತು. ಅತ್ತೆಯ ಮುಖ ನೋಡಿ ಅಲ್ಲಿಗೇ ನಿಂತಿತು. ಐವತ್ತಕ್ಕೂ ಹೆಚ್ಚು ವರ್ಷ ಒಂದು ಕೈಯನ್ನು ಕಟ್ಟಿಕೊಂಡೇ ಬದುಕಿದವಳ ಎದುರು, ಕಟ್ಟಿದವಳಿಗೆ ನೆನಪೇ ಇಲ್ಲ! ಅತ್ತೆ ಮೆಲ್ಲಗೆ ಎಲ್ಲ ಹೇಳಿದಳು, ಸೀರೆಯ ಅಂಚಿನಿಂದ ಹಿಡಿದು ಮುರಿದ ಕೈಯವರೆಗೆ. ಅಜ್ಜಿ ಕೇಳುತ್ತ ಕೇಳುತ್ತ ತನ್ನ ಎಡ ಅಂಗೈಯನ್ನೇ ನೋಡುತ್ತ ಕೂತಳು.

"ಲಿಂಗಪ್ಪ ದಿನಾ ಬಂದು ಕುಂದ್ರೂದು ಈ ಕೈಯಾಗ" ಎಂದಳು ಕೊನೆಗೆ. "ಇಂಥಾ ಕೈನ ನಾ ಕಟ್ಟಿ ಹಾಕಿದ್ನೇನ ಮಗಳ? ಅಷ್ಟೂ ದಿನಾ ಒಬ್ಬರೂ ನನಗ ಹೇಳಲಿಲ್ಲಲ್ಲ."

ಪೂಜೆ ಮುಗಿಸಿ ಅತ್ತೆಯ ಎಡಗೈ ಎಳೆದುಕೊಂಡು ಅದರಲ್ಲಿ ಒಂದು ಬಾಳೆಹಣ್ಣು ಇಟ್ಟಳು. "ತಿನ್ನ. ಈ ಕೈಲೇ ತಿನ್ನ." ಅತ್ತೆ ಸಿಪ್ಪೆ ಸುಲಿದು ಆ ಕೈಯನ್ನೇ ಬಾಯಿಗೆ ಒಯ್ದಳು. ಹಣ್ಣು ಬಾಯಿ ತಪ್ಪಿ ಕೆನ್ನೆಗೆ ತಾಗಿತು. ಮೂವರೂ ನಕ್ಕೆವು, ಮೂವರೂ ಕಣ್ಣು ಒರೆಸಿಕೊಂಡೆವು.

ಅಲ್ಲಿಂದ ಒಂದು ತಿಂಗಳು ಅತ್ತೆ ಬಂದೂಕನ್ನು ಎಡಭುಜದಿಂದ ಇಳಿಸಲಿಲ್ಲ. ಮೊದಮೊದಲು ಅದರ ಭಾರಕ್ಕೆ ತೋಳು ಹಿಡಿದುಕೊಂಡು ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ನಿಲ್ಲಿಸು ಅಂದವರಿಗೆಲ್ಲ ಬೈಸಿಕೊಳ್ಳುವುದೇ ಆಯಿತು. ಆಯ್ಕೆಯ ದಿನ ಸಾಹುಕಾರರ ಕಾಗದದಲ್ಲಿ ಅವರವೇ ತೂತುಗಳಿದ್ದವು, ಅಂದರೆ ಮೂಲೆಗಳಲ್ಲಿ. ಅತ್ತೆಯ ಕಾಗದದ ನಡುವೆ ಗೊಂಚಲು! ತಂಡದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ಆಕೆಯದೇ. ಈ ಸಲ ಕುಂದಾ ತರಿಸಿದ್ದು ಅತ್ತೆ.

ಅದಕ್ಕೂ ಮೊದಲು ನನ್ನ ಫೋನು ಕಸಿದುಕೊಂಡು ಖಾನಾಪುರಕ್ಕೆ ಹಚ್ಚಿದಳು. "ಅವ್ವಾ, ನಾ ನೋಡಿದ್ದಕ್ಕ ಬಡೀತು! ಹುಬ್ಬಳ್ಳಿಗಿ ಹೊಂಟೆ!"

ಅಜ್ಜಿಗೆ ಪಂದ್ಯವೂ ಗೊತ್ತಿಲ್ಲ, ತಂಡವೂ ಗೊತ್ತಿಲ್ಲ. ಆಕೆ ಕೇಳಿದ್ದು ಒಂದೇ:

"ಕೈ ನೋವಾತೇನ, ಮಗಳ?"