ಹನ್ನೊಂದು ಚುಕ್ಕಿಯ ಮುಖ

ನಮ್ಮ ದೊಡ್ಡಮ್ಮನ ಮುಖವನ್ನು ನಾನು ದಿನಾ ಬೆಳಿಗ್ಗೆ ತುಳಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಪಾಪ ತಟ್ಟಲಿಲ್ಲವೇ ಎಂದು ಕೇಳಬೇಡಿ. ಸುತ್ತಿಬಳಸಿ ಹೋದರೆ ಬೈಗುಳ ತಟ್ಟುತ್ತಿತ್ತು! "ಬೀದೀಲಿ ಬಿಟ್ಟಿರೋದೇ ತುಳೀಲಿ ಅಂತ ಕಣೋ, ನೆಟ್ಟಗೆ ನಡಿ!"

ಅವರು ಅಮ್ಮನ ಅಕ್ಕ. ಅಮ್ಮ ಬೇಗ ಹೋದದ್ದರಿಂದ ಅಮ್ಮನ ಜಾಗದಲ್ಲೂ ಅವರೇ ಇದ್ದರು. ಮೂಡಲಪಾಳ್ಯದ ಮನೆಯಲ್ಲಿ ಕೆಳಗೆ ಅವರು, ಮೇಲೆ ನಾನು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಬಹಳ ವರ್ಷ ಸೂಪರ್‌ವೈಸರ್ ಆಗಿದ್ದರು. ಅವರ ಹುಬ್ಬುಗಂಟು ಕಂಡರೆ ಸೊಟ್ಟಗೆ ಹೋಗುತ್ತಿದ್ದ ಹೊಲಿಗೆಯೂ ತಾನಾಗಿ ನೆಟ್ಟಗಾಗುತ್ತಿತ್ತಂತೆ.

ಅಷ್ಟು ವರ್ಷವೂ ಬಾಗಿಲಿಗೆ ಒಂದೇ ರಂಗೋಲಿ. ಎಂಟು ದಳದ ಕಮಲ, ಎರಡೇ ನಿಮಿಷ. ಕಾರ್ಖಾನೆ ಬಸ್ಸು ಕಾಯುತ್ತದೆಯೇ? ನಿವೃತ್ತಿಯಾದ ಮರುದಿನ ಮಾತ್ರ ನಿಧಾನವಾಗಿ ಕೂತರು. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಸಿಕ್ಕರೆ ಆಗುವುದೇ ಅದು, ದಳಗಳೆಲ್ಲ ತಪ್ಪು ಚುಕ್ಕಿಗೆ ಸೇರಿಕೊಂಡವು. ಅಳಿಸುವಷ್ಟರಲ್ಲಿ ಹೂವಿನವಳು ಬಂದು ನಿಂತಳು.

"ಅಯ್ಯೋ ಅಕ್ಕಾ, ನಿಮ್ ಮುಖಾನೇ ಬಿಟ್ಟಿದೀರಲ್ಲ! ಆ ಹುಬ್ಬು ನೋಡಿ, ಹಂಗೇ ಐತೆ!"

ದೊಡ್ಡಮ್ಮ ಅವತ್ತು ಹೂವು ಕೊಳ್ಳಲಿಲ್ಲ. ಸಂಜೆ ನಾನು ಬಂದಾಗ ಕನ್ನಡಿಯ ಮುಂದೆ ನಿಂತಿದ್ದರು.

"ಲೋ, ನನ್ ಮುಖ ಯಾವಾಗ್ಲೂ ಹಿಂಗೇ ಇರುತ್ತೇನೋ?"

"ಬೆಳಕು ಸರಿಯಿಲ್ಲ, ದೊಡ್ಡಮ್ಮಾ."

"ಮುಖದ ವಿಷ್ಯ ಕೇಳಿದ್ರೆ ಬಲ್ಬಿನ ಮೇಲೆ ಹಾಕ್ತೀಯಲ್ಲೋ, ಹೇಡಿ!"

ಮರುದಿನದಿಂದ ಕಮಲ ಹೋಯಿತು, ಮುಖ ಬಂತು. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡದ್ದನ್ನು ಗೇಟಿನ ಮುಂದೆ ಹಾಗೆಯೇ ಇಳಿಸುವುದು. ಚಿತ್ರ ಕಲಿತವರಲ್ಲ, ಗೊತ್ತಿದ್ದದ್ದು ಚುಕ್ಕಿ ಒಂದೇ. ಹಾಗಾಗಿ ಕಂಡವರ ಮುಖವನ್ನೆಲ್ಲ ಚುಕ್ಕಿಯಲ್ಲಿ ಅಳೆಯತೊಡಗಿದರು. "ನಂದು ಹನ್ನೊಂದು ಚುಕ್ಕಿ. ನಿಂದು ಒಂಬತ್ತೇ ಕಣೋ, ಅದ್ರಲ್ಲೂ ಎರಡು ಮೂಗಿಗೇ ಹೋಯ್ತು!" ನನಗೆ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ, "ಒಳ್ಳೆ ಹದಿಮೂರು ಚುಕ್ಕಿ ಮುಖ!" ಎಂದುಬಿಟ್ಟರು. ಹುಡುಗಿಯ ತಂದೆ ಗಾಬರಿಯಾಗಿ, "ಚಿಕ್ಕಂದಿನಲ್ಲಿ ಅಮ್ಮ ಆಗಿತ್ತು, ಈಗ ಒಂದು ಕಲೆಯೂ ಇಲ್ಲ" ಎಂದರು. ಹುಡುಗಿ ಮಾತ್ರ ಬಿದ್ದುಬಿದ್ದು ನಕ್ಕಳು. ಅವಳೇ ಈಗ ನನ್ನ ಹೆಂಡತಿ.

ಸುಳ್ಳು ಮುಖ ಮಾತ್ರ ಅವರು ಬಿಡುತ್ತಿರಲಿಲ್ಲ. ನೀರಿನ ಮೋಟರ್ ಆಫ್ ಮಾಡಲು ಮರೆತೆನೆಂದು ನನ್ನ ಮೇಲೆ ಸಿಟ್ಟಾದ ದಿನ ಹುಬ್ಬಿನ ನಡುವೆ ಮೂರು ಗೆರೆ, ಸುತ್ತಲೂ ಕೆಂಪು! ಬೀದಿಯವರಿಗೆ ಅದು ದಿನಪತ್ರಿಕೆಯಾಗಿತ್ತು. ಸಿಲಿಂಡರ್ ತರುವವನು ಗೇಟಿನ ಮುಂದೆ ನಿಂತು ಓದಿಕೊಂಡು, "ಅಣ್ಣಾ, ಆಂಟಿ ಇವತ್ತು ಮೂರು ಗೆರೆ. ನಾಳೆ ಬರ್ಲಾ?" ಎಂದು ನನ್ನನ್ನೇ ಕೇಳುತ್ತಿದ್ದ.

ಆ ಮೂರನೆಯ ಗೆರೆಯ ಮೇಲೆ ದೊಡ್ಡಮ್ಮನಿಗೇ ಅನುಮಾನ ಹುಟ್ಟಿತು. ಸಿಟ್ಟಿಲ್ಲದ ದಿನವೂ ಅದು ಬರುತ್ತಿತ್ತು. ಯಾರ ಮೇಲಿನದು ಎಂದು ನೆನಪಿನಲ್ಲಿ ಹುಡುಕಿ ಹುಡುಕಿ, ಒಂದು ಭಾನುವಾರ ನನ್ನ ಸ್ಕೂಟರ್ ಹತ್ತಿ, "ಹೇರೋಹಳ್ಳಿಗೆ ನಡಿ" ಎಂದರು. ಗುಂಡಿಗಳಲ್ಲಿ ಹತ್ತಿಳಿದು ಹುಡುಕಿದ್ದು ಕಾರ್ಖಾನೆಯಲ್ಲಿ ಅವರ ಹೊಲಿಗೆ ಲೈನಿನಲ್ಲಿದ್ದ ಒಬ್ಬ ಹೆಂಗಸಿನ ಮನೆ. ಒಂದು ಕಾಲರ್ ತಿರುಗುಮುರುಗಾಗಿ ಹೊಲಿದದ್ದಕ್ಕೆ ಎಲ್ಲರ ಮುಂದೆ ಅವಳನ್ನು ಅಳಿಸಿದ್ದರಂತೆ. ಕ್ಷಮೆ ಕೇಳಿ, ಟೀ ಕುಡಿದು ಹೊರಬಂದರು.

"ಅವಳಿಗೆ ನೆನಪೇ ಇಲ್ಲ ಕಣೋ! ಇಷ್ಟು ವರ್ಷ ನಾನೊಬ್ಳೇ ಹೊತ್ಕೊಂಡ್ ತಿರುಗಿದೀನಿ!"

ಮರುದಿನ ಎರಡೇ ಗೆರೆ. ವರ್ಷ ಕಳೆದಂತೆ ಒಂದಾಯಿತು. ಅರವತ್ತು ದಾಟಿದ ಮೇಲೆ ಯಾರಾದರೂ ಮುಖ ಬದಲಾಯಿಸುತ್ತಾರೆಯೇ? ನಾನು ನಲವತ್ತಕ್ಕೇ ಆಸೆ ಬಿಟ್ಟಿದ್ದೇನೆ!

ಅಷ್ಟು ಚೆಂದದ ಮುಖಗಳು ಮರುದಿನ ಪೊರಕೆಗೆ ಹೋಗುವುದು ನೋಡಲಾಗದೆ ಒಮ್ಮೆ ಹೇಳಿದೆ. "ಪೇಂಟಲ್ಲಿ ಬರೆದುಬಿಡಿ ದೊಡ್ಡಮ್ಮಾ, ಅಳಿಸಲ್ಲ."

"ರಂಗೋಲೀನ ಬರೆಯೋದಲ್ಲ ಕಣೋ, ಬಿಡೋದು. ಬಿಡೋದು ಅಂದ್ರೆ ಬಿಡೋದು. ನಿನ್ನೆ ಮುಖ ಗುಡಿಸ್ದೆ ಇವತ್ತಿಂದನ್ನ ಎಲ್ ಬಿಡ್ಲಿ, ನಿನ್ ತಲೆ ಮೇಲಾ?"

ಕಳೆದ ತಿಂಗಳು ಒಂದು ಬೆಳಿಗ್ಗೆ ರಂಗೋಲಿ ಬಿಟ್ಟು, ಒಳಗೆ ಬಂದು, ಕುರ್ಚಿಯಲ್ಲಿ ಕೂತು ಕಾಫಿ ಕೇಳಿದರು. ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು.

ಗೇಟಿನ ಮುಂದಿನ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ.

ಅದನ್ನು ನಾನು ಯಾರಿಗೂ ತುಳಿಯಲು ಬಿಡಲಿಲ್ಲ. ದಿನಾ ತುಳಿಯುತ್ತಿದ್ದವನು ನಾನೇ ತಾನೇ! ಸುತ್ತ ಇಟ್ಟಿಗೆ ಇಟ್ಟೆ, ಮೋಡವಾದರೆ ಬಟ್ಟೆ ನೆನೆಸುವ ಟಬ್ಬನ್ನು ಬೋರಲು ಹಾಕಿದೆ. ಮಾತನಾಡಿಸಲು ಬಂದವರು ಗೋಡೆಗೆ ಒರಗಿಕೊಂಡು ಒಳಗೆ ನುಸುಳಿದರು. ಆದರೂ ಗಾಳಿಗೆ ಒಂದು ಕಿವಿ ಹೋಯಿತು, ತುಂತುರಿಗೆ ನಗುವಿನ ತುದಿ ಹೋಯಿತು. ಇಪ್ಪತ್ತು ದಿನದಲ್ಲಿ ಅದು ದೊಡ್ಡಮ್ಮನಂತೆ ಇರಲೇ ಇಲ್ಲ. ನನಗೆ ಮಾತ್ರ ಹಾಗೆಯೇ ಕಾಣುತ್ತಿತ್ತು.

ಈವತ್ತು ಬೆಳಿಗ್ಗೆ ಹೆಂಡತಿ ಪೊರಕೆ ಹಿಡಿದು ಪಕ್ಕದಲ್ಲಿ ನಿಂತಳು. ಗುಡಿಸಲಿಲ್ಲ. "ನಿನ್ನೆ ಮುಖ ಇಟ್ಕೊಂಡ್ ಕೂತಿದೀಯೇನೋ ಅಂತ ದೊಡ್ಡಮ್ಮ ಇದ್ದಿದ್ರೆ ಬೈತಿದ್ರು ಕಣ್ರೀ" ಎಂದು ಮೆಲ್ಲಗೆ ಹೇಳಿ ಪೊರಕೆಯನ್ನು ನನಗೆ ಕೊಟ್ಟು ಒಳಗೆ ಹೋದಳು.

ಗುಡಿಸಿದೆ. ನೀರು ಚಿಮುಕಿಸಿದೆ. ದೊಡ್ಡಮ್ಮನ ಡಬ್ಬಿ ತಂದು ಒಂಬತ್ತು ಚುಕ್ಕಿ ಇಟ್ಟೆ. ಮೂಗಿಗೆ ಎರಡು ಹೋದವು. ಅಭ್ಯಾಸವಿಲ್ಲದ ಕೈ, ಹುಬ್ಬಿನ ಗೆರೆಗಳು ಒಂದಕ್ಕೊಂದು ಗಂಟುಬಿದ್ದವು.

ಹೂವಿನವಳು ಬುಟ್ಟಿ ಇಳಿಸಿ ಬಗ್ಗಿ ನೋಡಿದಳು.

"ಅಣ್ಣಾ, ಮುಖ ನಿಮ್ದೇ" ಎಂದಳು. "ಹುಬ್ಬು ಮಾತ್ರ ಅಕ್ಕಂದು."

ಬಸ್ಸಿಗೆ ಹೊತ್ತಾಗಿತ್ತು. ಸುತ್ತಿಬಳಸದೆ, ಅದನ್ನು ತುಳಿದುಕೊಂಡೇ ನೆಟ್ಟಗೆ ನಡೆದೆ.