ಮಗಳು ಹೇಳದೆ ಬಿಟ್ಟ ಮಾತಿನ ಬಗ್ಗೆ ಜಾಲಭದ್ರತಾ ಇಲಾಖೆಗೆ ವಿನಂತಿ

ಮಾನ್ಯ ಜಾಲಭದ್ರತಾ ಅಧಿಕಾರಿಗಳೇ,

ತಮ್ಮ ಕಣ್ಣಿಗೂ ಕಿವಿಗೂ ಆಯುರಾರೋಗ್ಯ ಕೋರುತ್ತಾ, ನಿವೃತ್ತ ಟೆಲಿಫೋನ್ ಆಪರೇಟರ್ ಆದ ನಾನು ಮಾಡುವ ನಮಸ್ಕಾರಗಳು. ಆನ್‌ಲೈನ್ ಕಳ್ಳರಿಂದ ನಮ್ಮನ್ನು ಕಾಪಾಡುವ ಸಲುವಾಗಿ ಇನ್ನು ಮುಂದೆ ಎಲ್ಲರ ಕರೆಗಳನ್ನೂ ಸಂದೇಶಗಳನ್ನೂ ಇಲಾಖೆಯೇ ಪರಿಶೀಲಿಸುವುದೆಂಬ ತಮ್ಮ ಪ್ರಕಟಣೆ ಓದಿ ನನಗೆ ಹೃದಯ ತುಂಬಿ ಬಂತು. ನನ್ನ ಮೊಣಕಾಲು ನೋವಿನ ಬಗ್ಗೆ ಅಕ್ಕನಿಗೆ ಕಳಿಸುವ ಏಳು ನಿಮಿಷದ ಧ್ವನಿಸಂದೇಶವನ್ನು ಕೊನೆಯವರೆಗೂ ಕೇಳುವವರು ಇಡೀ ಲೋಕದಲ್ಲಿ ತಾವೊಬ್ಬರೇ, ಅಕ್ಕನಂತೂ ಕೇಳುವುದಿಲ್ಲ.

ಆದರೂ ಒಂದು ಸಣ್ಣ ಕೊರಗು. ತಮ್ಮ ಪ್ರಕಟಣೆ ಬಂದ ಮೇಲೂ, ಹೋದ ತಿಂಗಳು ಯಾರೋ ಕಳ್ಳ ನನ್ನ ಖಾತೆಯೊಳಗೆ ನುಗ್ಗಿ, ನಾನು ತೀರಿಕೊಂಡೆನೆಂದು ನನ್ನ ಹೆಸರಿನಲ್ಲೇ ನೆಂಟರಿಗೆಲ್ಲ ತಿಳಿಸಿದ. ಅಳುತ್ತಾ ಬಂದ ಭಾವ, ಬಾಗಿಲು ತೆಗೆದ ನನ್ನನ್ನು ನೋಡಿ ಕೊಂಚ ನಿರಾಶರಾದಂತೆಯೇ ಕಂಡರು. ದೂರು ಕೊಡಲು ತಮ್ಮ ಕಚೇರಿಗೆ ಹೋದರೆ, ಆ ಸಂದೇಶಗಳ ಪ್ರತಿಯನ್ನು ನಾನೇ ತಂದುಕೊಡಬೇಕೆಂದು ಗುಮಾಸ್ತರು ಹೇಳಿದರು. "ಎಲ್ಲಾ ನಿಮ್ಮ ಹತ್ರಾನೇ ಇರುತ್ತಲ್ಲ ಸ್ವಾಮಿ" ಎಂದೆ. "ಅದು ನೋಡೋಕೆ ಇರೋದಮ್ಮ, ಕೊಡೋಕಲ್ಲ" ಎಂದರು. ಕಳ್ಳ ತಮಗೆ ಇನ್ನೂ ಸಿಕ್ಕಿಲ್ಲ. ನಾನು ಮಾತ್ರ ದಿನಾ ಸಿಗುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತವಳು. ಟ್ರಂಕ್ ಕಾಲ್ ಕೂಡಿಸಿ, ಎರಡೂ ಕಡೆಯವರು ಹಲೋ ಅಂದದ್ದು ಕೇಳಿಸಿದ ಕೂಡಲೇ ನಾವು ಲೈನಿನಿಂದ ಹೊರಬರಬೇಕೆಂಬುದು ಅಲ್ಲಿ ಮೊದಲ ದಿನದ ಪಾಠ. ಒಮ್ಮೆ ಯಾರೋ ಗಂಡಹೆಂಡತಿಯ ಜಗಳ ಕೇಳುತ್ತಾ ಮೈಮರೆತದ್ದಕ್ಕೆ ಸೂಪರ್‌ವೈಸರ್ ಮೇಡಂ ನನ್ನನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ್ದರು. ಇಂದು ಅದೇ ಕೆಲಸಕ್ಕೆ ಬಡ್ತಿ ಸಿಗುತ್ತದೆಂದು ತಿಳಿದು, ಅವಸರಪಟ್ಟು ಹುಟ್ಟಿದೆನಲ್ಲಾ ಎಂದು ಮರುಗುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಬೇರೆ ಊರಿನಲ್ಲಿ ನರ್ಸಾಗಿರುವ ನನ್ನ ಮಗಳು ದಿನಾ ಸಂಜೆ ಡ್ಯೂಟಿ ಮುಗಿಸಿ, ಬಸ್‌ಸ್ಟಾಪಿನಲ್ಲೇ ನಿಂತು ವಾರ್ಡಿನ ಗಲಾಟೆ, ಗಂಡನ ಸಿಟ್ಟು ಎಲ್ಲವನ್ನೂ ನನಗೆ ಹೇಳಿ ಹಗುರಾಗುತ್ತಿದ್ದಳು. ತಮ್ಮ ಪ್ರಕಟಣೆಯ ಮಾರನೆಯ ದಿನದಿಂದ "ಚೆನ್ನಾಗಿದೀನಮ್ಮ, ಫೋನಲ್ಲಿ ಬೇಡ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾಳೆ. ದನಿ ಗುರುತಿಸುವುದೇ ನನ್ನ ಕಸುಬಾಗಿತ್ತು, ಅವಳು ಚೆನ್ನಾಗಿಲ್ಲ. ನನಗೆ ಹೆದರಿಕೆಯಾಗುತ್ತಿದೆ. ಆದಕಾರಣ, ಅವಳು ಬರೆದು ಅಳಿಸಿದ್ದೇನಾದರೂ ತಮ್ಮ ಕಣ್ಣಿಗೆ ಬಿದ್ದಿದ್ದರೆ ದಯಮಾಡಿ ನನಗೆ ತಿಳಿಸಬೇಕು. ಅದು ನಿಯಮಕ್ಕೆ ವಿರುದ್ಧವಾದಲ್ಲಿ, ಸಂಜೆ ಹತ್ತು ನಿಮಿಷ ತಾವು ಕಾಫಿಗೆಂದು ಎದ್ದು ಹೋಗಬೇಕು. ಅಷ್ಟರಲ್ಲಿ ದೇಶ ಮುಳುಗಿದರೆ ನಾನೇ ಹೊಣೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಒಬ್ಬ ತಾಯಿ

ಮತ್ತೊಂದು ಮಾತು: ಈ ಪತ್ರ ಮಡಚುವಷ್ಟರಲ್ಲಿ, ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಮಗಳೇ ಬಂದಳು. ಎರಡೂ ಫೋನುಗಳನ್ನು ಟಿವಿಯ ಮುಂದೆ ಕೂರಿಸಿ, ಧಾರಾವಾಹಿ ಹಾಕಿಕೊಟ್ಟು, ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ ನಿಂತು ಅವಳು ಎಲ್ಲಾ ಹೇಳಿದಳು; ಅವಳೂ ಅತ್ತಳು, ನಾನೂ ಅತ್ತೆ. ಏನು ಹೇಳಿದಳೆಂಬುದು ತಮಗೆ ಗೊತ್ತಿಲ್ಲ. ಗೊತ್ತಾಗದೆ ಕೂರುವುದು ಎಂಥ ಸಂಕಟವೆಂದು ಇನ್ನು ಕೆಲವು ದಿನ ತಾವೂ ಅನುಭವಿಸಿ.