ಸಿಪ್ಪೆ ವಿಭಾಗದ ಇಂಜಿನಿಯರು

ಓದು ಮುಗಿದರೆ ಕೆಲಸ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಹಳೆಯದು. ನಮ್ಮ ಮನೆಯಲ್ಲಿ ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವನು ನಾನೇ. ತೊಂಬತ್ತರ ದಶಕದ ಕೊನೆಯಲ್ಲಿ ಇಂಜಿನಿಯರಿಂಗ್ ಪದವಿ ಹಿಡಿದು ಬಂದವನು, ತಿಪಟೂರಿನ ಹತ್ತಿರದ ಕೊಬ್ಬರಿ ಪುಡಿ ಕಾರ್ಖಾನೆಯೊಂದಕ್ಕೆ ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದೆ. ಹಾಗೆಂದರೇನು ಎಂದು ಅಜ್ಜಿ ಕೇಳಿದಳು. ಕೆಲಸ ಕಲಿಯುವುದು ಎಂದೆ. ಅವಳು ಎಲೆಅಡಿಕೆ ಚೀಲ ಬಿಚ್ಚುತ್ತ ಅಪ್ಪನ ಕಡೆ ತಿರುಗಿ, "ಓದೋದೆಲ್ಲ ಮುಗುಸ್ಕಂಡು ಈಗ ಕಲಿಯಾಕೆ ಹೊಂಟವ್ನಂತೆ ಕಣಪ್ಪ. ಇಷ್ಟು ದಿನ ಏನ್ ಮಾಡ್ತಿದ್ದ, ಒಸಿ ಕೇಳು" ಎಂದಳು. ಅಪ್ಪ ಕೇಳಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಹೊಸ ಸ್ಕ್ರೂಡ್ರೈವರ್, ಹೀಗೆ ಸಜ್ಜಾಗಿ ಮೊದಲ ದಿನ ಹೋದೆ. ಬಾಯ್ಲರ್, ಡ್ರೈಯರ್ ಎಲ್ಲವೂ ನನಗಾಗಿಯೇ ಕಾದಿವೆ ಎಂಬ ಭಾವ. ಮ್ಯಾನೇಜರರು, ಮೊದಲು ಕಾಯಿ ಏನೆಂದು ತಿಳಿಯಬೇಕು, ಮಿಷನ್ನಿನ ಮಾತು ಆಮೇಲೆ ಎಂದು ನನ್ನನ್ನು ಸಿಪ್ಪೆ ವಿಭಾಗಕ್ಕೆ ಕಳಿಸಿದರು. ಕರಟ ಬಿಡಿಸಿದ ಇಡೀ ಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆದು, ಬೆಳ್ಳಗಿನ ಉಂಡೆ ಮಾಡಿ ಮುಂದಕ್ಕೆ ದಾಟಿಸುವ ಜಾಗ ಅದು. ಸಾಲಾಗಿ ಕೂತವರೆಲ್ಲ ಹೆಂಗಸರು. ನನಗೂ ತಲೆಗೊಂದು ಬಿಳಿ ಟೋಪಿ ತೊಡಿಸಿ, ಹೆರೆಯುವ ಚಾಕು ಕೊಟ್ಟು, ಗೌರಮ್ಮ ಎಂಬ ಹಿರಿಯಾಕೆಯ ಪಕ್ಕ ಕೂರಿಸಿದರು. ಸಿಪ್ಪೆಯ ಜೊತೆ ಬಿಳಿ ತಿರುಳು ಹೋಗಬಾರದು, ಅದೇ ಅಲ್ಲಿನ ವಿದ್ಯೆ. ನಾನು ಹೆರೆದರೆ ಸಿಪ್ಪೆಯೇ ತಿರುಳಿಗಿಂತ ಹೆಚ್ಚು ತೂಗುತ್ತಿತ್ತು. ಗೌರಮ್ಮ ಅದನ್ನು ನೋಡಿ, "ಇಂಜಿನೇರಪ್ಪ, ಹೆರೀತಿದೀಯೋ, ವಿಗ್ರಹ ಕೆತ್ತುತಿದೀಯೋ?" ಎನ್ನುತ್ತಿದ್ದಳು. ಆದರೂ ಊಟದ ಹೊತ್ತಿಗೆ ಅವರೆಲ್ಲರ ಬುತ್ತಿಯ ಹುಚ್ಚೆಳ್ಳು ಚಟ್ನಿಯಲ್ಲಿ ನನಗೊಂದು ಪಾಲಿರುತ್ತಿತ್ತು. ಋಣ ತೀರಿಸಲು ನನ್ನ ಹತ್ತಿರ ಇದ್ದದ್ದು ಒಂದೇ, ನನ್ನ ಮದುವೆಯ ಸುದ್ದಿ. ಅದನ್ನು ದಿನದಿನವೂ ಒಪ್ಪಿಸುತ್ತಿದ್ದೆ.

ಸುದ್ದಿ ಇಷ್ಟೆ. ಹುಳಿಯಾರಿನ ಕಡೆ ಹೆಣ್ಣು ನೋಡಿ ಬಂದಿದ್ದೆವು. ಹೆಸರು ಭಾಗ್ಯ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ನನ್ನನ್ನು ನೋಡಿ ನಗು ತಡೆದುಕೊಂಡಿದ್ದಳು. ಕಾರಣ ತಿಳಿಯದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾಗದೆ ಕೇಳುವಂತೆಯೂ ಇರಲಿಲ್ಲ. ಆದರೆ ಮಾತು ಮುಗಿಯಬೇಕಾದರೆ ಅವಳ ಸೋದರಮಾವ ರಂಗಪ್ಪನವರು ಹೂಂ ಅನ್ನಬೇಕಿತ್ತು. ಅವತ್ತು ನಮ್ಮಪ್ಪ ಉತ್ಸಾಹದಲ್ಲಿ, ನಮ್ಮ ಹುಡುಗ ಕೈಯಿಟ್ಟರೇನೇ ಕಾರ್ಖಾನೆ ತಿರುಗುವುದು ಎಂದುಬಿಟ್ಟಿದ್ದರು. ರಂಗಪ್ಪನವರು ತಲೆಯಾಡಿಸಿ ಇನ್ನೊಂದು ಬಾಳೆಹಣ್ಣು ಸುಲಿದಿದ್ದರು. ನಮ್ಮ ಕಡೆಯ ರೂಢಿ ಗೊತ್ತಲ್ಲ, ಹುಡುಗನನ್ನು ಮನೆಯಲ್ಲಿ ನೋಡಿ ಮುಗಿಸುವುದಿಲ್ಲ. ಹೇಳದೆ ಕೇಳದೆ ಅವನ ಕೆಲಸದ ಜಾಗಕ್ಕೇ ಒಬ್ಬರು ಹೋಗಿ ನೋಡಿ ಬರುತ್ತಾರೆ.

ರಂಗಪ್ಪನವರು ಬಂದೇ ಬಂದರು. ತಮ್ಮ ತೋಟದ ಕಾಯಿ ಲೋಡಿನ ಜೊತೆ ಬಂದವರು, ಒಳಗೆ ಒಂದು ಸುತ್ತು ನೋಡುತ್ತೇನೆಂದು ಸಿಪ್ಪೆ ವಿಭಾಗದ ಬಾಗಿಲಲ್ಲಿ ನಿಂತರು. ಟೋಪಿ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಮಣೆಯ ಮೇಲೆ ಕೂತಿದ್ದ ನಾನು, ಹುಡುಗಿ ಸೋದರಮಾವ, ಎಂದು ಗೌರಮ್ಮನಿಗೆ ಉಸುರಿದೆ. ಅಷ್ಟೇ. ಸಾಲಿನ ಆ ತುದಿಯವರೆಗೂ ಪಿಸುಮಾತು ಹರಿಯಿತು. ಗೌರಮ್ಮ ತನ್ನ ಸಿಪ್ಪೆಯ ಬುಟ್ಟಿಯನ್ನು ಕಾಲಲ್ಲಿ ನನ್ನ ಮುಂದಕ್ಕೆ ತಳ್ಳಿದಳು. ನನ್ನ ಬುಟ್ಟಿ ಅವಳ ಸೀರೆಯ ನೆರಿಗೆಯ ಹಿಂದೆ ಮಾಯವಾಯಿತು. ರಂಗಪ್ಪನವರು ಬಂದು, ನನ್ನ ಮುಖ ನೋಡದೆ, ಬುಟ್ಟಿಯಿಂದ ಒಂದು ಸಿಪ್ಪೆ ತೆಗೆದು ಬೆಳಕಿಗೆ ಹಿಡಿದರು. ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಿತ್ತು. ಅದನ್ನು ಬುಟ್ಟಿಗೆ ಹಾಕಿ ಹೊರಟುಹೋದರು. ಉತ್ತರಕ್ಕೆ ಕಾಯುತ್ತ ಆ ವಾರ ನಾನು ಹೆರೆದ ಕಾಯಿಗಳನ್ನು ನೆನೆದರೆ ಈಗಲೂ ಮರುಕವಾಗುತ್ತದೆ. ವಾರದ ಕೊನೆಗೆ ಒಪ್ಪಿಗೆ ಬಂತು. ಗೌರಮ್ಮ ವಿಭಾಗಕ್ಕೆಲ್ಲ ನನ್ನ ಖರ್ಚಿನಲ್ಲಿ ಮೈಸೂರುಪಾಕು ಹಂಚಿದಳು.

ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ಹುಳಿಯಾರಿಗೆ ಹೋದೆ. ನಾನು ಸಿಪ್ಪೆ ವಿಭಾಗದಲ್ಲಿ ಕಲಿತವನೆಂದು ಕೇಳಿದ್ದ ಅತ್ತೆ, ಕೊಬ್ಬರಿ ಮಿಠಾಯಿ ಬೆಳ್ಳಗೆ ಬರಬೇಕೆಂದು ಮೊರದ ತುಂಬ ಕಾಯಿ ತಂದು ನನ್ನ ಮುಂದಿಟ್ಟರು. ಅಳಿಯನ ಕೈಚಳಕ ನೋಡಲು ಪಕ್ಕದ ಮನೆಯವರೂ ಬಂದು ಕೂತರು. ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲಿ ನನ್ನನ್ನು ಬಾಯ್ಲರ್ ಕಡೆಗೆ ದಾಟಿಸಿದ್ದರು. ಅಲ್ಲಿ ನನ್ನಿಂದ ಹಾಳಾಗುವುದು ಕಡಿಮೆ ಎಂದಿರಬೇಕು. ಚಾಕು ಎತ್ತಿದೆ. ಬಿದ್ದ ಮೊದಲ ಸಿಪ್ಪೆಯ ದಪ್ಪ ನೋಡಿ ಅತ್ತೆ ಒಲೆ ನೋಡುವ ನೆಪದಲ್ಲಿ ಒಳಗೆ ಹೋದರು. ನಾನು ಬೆವರುತ್ತ, ರೂಢಿ ತಪ್ಪಿದೆ ಎಂದೇನೋ ತೊದಲಿದೆ.

ಜಗಲಿಯ ಮೇಲಿದ್ದ ರಂಗಪ್ಪನವರು ಪಕ್ಕಕ್ಕೆ ಬಂದು ಕೂತು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: "ಆವತ್ತೇ ಕಂಡಿದ್ದೆ ಬುಡಿ ಅಳಿಯಂದ್ರೆ. ಆ ಯಮ್ಮ ಬುಟ್ಟಿ ತಳ್ಳಿದ್ದೂ ಕಂಡೆ."

ನನ್ನ ಕೈ ನಿಂತಿತು. ಮತ್ತೆ ಹೆಣ್ಣು ಹೇಗೆ ಕೊಟ್ಟಿರಿ ಎಂದೆ.

"ಕೆಲ್ಸ ಬರದೋನ್ ಮಾನ ಉಳ್ಸಾಕೆ ಅಷ್ಟು ಜನ ಹೆಣ್ಮಕ್ಳು ನಿಂತವ್ರೆ ಅಂದ್ರೆ ಹುಡುಗ ಒಳ್ಳೇನೇ ಇರ್ಬೇಕು ಅಂದ್ಕಂಡೆ. ಕಾಯಿ ಹೆರ್ಯಾಕೆ ನಮ್ಮನೇಲಿ ಜನ ಅವ್ರೆ."

ಅಂದರೆ ಪದವಿಯೂ ಅಲ್ಲ, ಅಪ್ರೆಂಟಿಸ್ ತರಬೇತಿಯೂ ಅಲ್ಲ, ನಾನು ಪಾಸಾಗಿದ್ದು ಬೇರೆ ಯಾವುದರಲ್ಲೋ. ಅದರಲ್ಲೂ ಉತ್ತರ ಬರೆದದ್ದು ಗೌರಮ್ಮ. ಮಿಠಾಯಿ ಆ ಹಬ್ಬಕ್ಕೆ ಸ್ವಲ್ಪ ಕಡಿಮೆಯೇ ಆಯಿತು. ಹೆರೆದ ಸಿಪ್ಪೆಯನ್ನೆಲ್ಲ ಕೊಟ್ಟಿಗೆಯ ಸೀಮೆ ಹಸುವಿಗೆ ಹಾಕಿದರು. ಅರ್ಧ ತಿರುಳೇ ಇದ್ದ ಆ ಸಿಪ್ಪೆಯನ್ನು ಅದು ಕಣ್ಣು ಮುಚ್ಚಿ ಮೆಲ್ಲುತ್ತಿದ್ದುದನ್ನು ನೋಡಿದಾಗ, ಇಂಜಿನಿಯರಾದ ಮೇಲೆ ನಾನು ಮಾಡಿದ ಒಂದು ಕೆಲಸವನ್ನಾದರೂ ಯಾರೋ ಮನಸಾರೆ ಮೆಚ್ಚಿದರು ಅನ್ನಿಸಿತು.